ಹಲ್ಲಿನ ಜ್ವರ ಎಂಬ ಸಮಾಧಾನ

ನಮ್ಮ ಮಲೆನಾಡಿನಲ್ಲಿ ಆರು ತಿಂಗಳು ತುಂಬಿದ ಮಗುವಿಗೆ ಏನೇ ಆದರೂ ಮನೆಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. ರಾತ್ರಿಯಿಡೀ ರಚ್ಚೆ ಹಿಡಿದರೆ ಹಲ್ಲು ಬರುತ್ತಿದೆ. ಮೈ ಸುಟ್ಟರೆ ಹಲ್ಲಿನ ಜ್ವರ. ನೀರು ನೀರಾಗಿ ನಾಲ್ಕು ಸಲ ಹೋದರೆ, "ಹಲ್ಲು ಮೊಳೆಯುವಾಗ ಬೇಧಿ ಆಗ್ತದೆ, ನಿನ್ನ ಗಂಡನಿಗೂ ಹೀಗೇ ಆಗಿತ್ತು" ಎಂದು ಅತ್ತೆ ಸೊಸೆಗೆ ಹೇಳಿ ಮುಗಿಸುತ್ತಾರೆ. ಕೆಮ್ಮು, ಕಿವಿಸೋರು, ಮೈಮೇಲೆದ್ದ ಗುಳ್ಳೆ, ಎಲ್ಲವೂ ಹಲ್ಲಿನ ಲೆಕ್ಕಕ್ಕೇ ಜಮಾ. ಇಪ್ಪತ್ತು ಹಾಲುಹಲ್ಲು ಬಂದು ಮುಗಿಯಲು ಎರಡೂವರೆಯಿಂದ ಮೂರು ವರ್ಷ ಹಿಡಿಯುತ್ತದೆ. ಹಾಗಾಗಿ ಈ ಖಾತೆ ಬೇಗ ಮುಚ್ಚುವುದೂ ಇಲ್ಲ.

ಈ ಉತ್ತರ ತಪ್ಪು ಎನ್ನುವುದು ನನ್ನ ವಾದ. ಆದರೆ ಇದನ್ನು ಅಜ್ಜಿಯರ ಮೌಢ್ಯ ಎಂದು ಒಂದೇ ಮಾತಿಗೆ ತಳ್ಳಿಹಾಕುವವರ ಜೊತೆಗೂ ನನಗೆ ಜಗಳವಿದೆ. ಒಂದು ನಂಬಿಕೆ ನೂರಾರು ವರ್ಷ ಉಳಿದಿದೆ ಎಂದರೆ ಅದು ಏನೋ ಒಂದು ಕೆಲಸ ಮಾಡಿಕೊಡುತ್ತಿದೆ ಎಂದೇ ಅರ್ಥ. ಆ ಕೆಲಸ ಯಾವುದು ಎಂದು ತಿಳಿಯದೆ ಅದನ್ನು ಕಿತ್ತುಹಾಕಲು ಹೊರಟವರು ಸಾಮಾನ್ಯವಾಗಿ ಸೋಲುತ್ತಾರೆ.

ಮೊದಲು ಹಲ್ಲು ನಿಜಕ್ಕೂ ಏನು ಮಾಡುತ್ತದೆ ನೋಡೋಣ. ಹಾಲುಹಲ್ಲು ಆರನೇ ತಿಂಗಳಲ್ಲಿ ಹುಟ್ಟುವುದಲ್ಲ. ತಾಯಿಯ ಹೊಟ್ಟೆಯಲ್ಲಿ ನಾಲ್ಕನೇ ತಿಂಗಳಿನ ಹೊತ್ತಿಗಾಗಲೇ ಅದು ಗಟ್ಟಿಯಾಗಲು ಶುರುವಾಗಿರುತ್ತದೆ. ಹುಟ್ಟಿದ ಮೇಲೆ ದವಡೆಯೊಳಗಿಂದ ನಿಧಾನಕ್ಕೆ ಮೇಲೇರಿ, ಆರರಿಂದ ಹತ್ತು ತಿಂಗಳೊಳಗೆ ಕೆಳಗಿನ ಎರಡು ಬಾಚಿಹಲ್ಲು ವಸಡನ್ನು ದಾಟುತ್ತವೆ. ನಾಲ್ಕು ತಿಂಗಳಿಗೇ ಬರುವ ಮಗುವೂ ಇದೆ, ವರ್ಷದವರೆಗೆ ಬೊಚ್ಚುಬಾಯಿಯಲ್ಲೇ ನಗುವ ಮಗುವೂ ಇದೆ. ಎರಡೂ ಸಹಜ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತೊಳೆದ ಬೆರಳನ್ನು ಕೆಳವಸಡಿನ ಮೇಲೆ ಆಡಿಸಿದರೆ ಮುಂದಿನ ಭಾಗ ಉಬ್ಬಿ ಬಿಗಿಯಾಗಿರುವುದು ತಿಳಿಯುತ್ತದೆ. ಕೆಲವು ಮಕ್ಕಳಲ್ಲಿ ಅಲ್ಲಿ ನೀಲಿಗಟ್ಟಿದ ಸಣ್ಣ ಗುಳ್ಳೆಯೂ ಕಾಣುತ್ತದೆ. ನೋಡಿದವರು ಗಾಬರಿಯಾಗುತ್ತಾರೆ, ಹಲ್ಲು ಹೊರಬಂದೊಡನೆ ಅದು ತಾನಾಗಿ ಇಳಿಯುತ್ತದೆ. ಆಮೇಲೊಂದು ದಿನ ರಾಗಿ ಮಣ್ಣಿ ತಿನ್ನಿಸುವಾಗ ಸ್ಟೀಲಿನ ಚಮಚ ತಾಗಿ ಟಿಕ್ ಎಂದು ಸದ್ದಾಗುತ್ತದೆ. ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುವ ಹಲ್ಲು ಅದು.

ಈ ಹೊತ್ತಿನಲ್ಲಿ ಮಗುವಿಗೆ ಕಿರಿಕಿರಿ ಆಗುವುದು ಸುಳ್ಳಲ್ಲ. 2000ದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 125 ಮಕ್ಕಳ ತಂದೆತಾಯಿಯರಿಂದ ದಿನಾ ಎರಡು ಸಲ ಮಗುವಿನ ಉಷ್ಣಾಂಶ, ಅಳು, ಊಟ, ನಿದ್ದೆಯನ್ನು ಬರೆಸಿಟ್ಟರು. ಹಲ್ಲು ಹೊರಬೀಳುವ ದಿನ, ಅದರ ಹಿಂದಿನ ನಾಲ್ಕು ದಿನ, ಮುಂದಿನ ಮೂರು ದಿನ ಸೇರಿ ಎಂಟು ದಿನಗಳಲ್ಲಿ ಕಚ್ಚುವುದು, ಜೊಲ್ಲು, ವಸಡು ಉಜ್ಜಿಕೊಳ್ಳುವುದು, ರಚ್ಚೆ, ಹೆಚ್ಚು ಹೊತ್ತು ಎಚ್ಚರವಿರುವುದು, ಗಟ್ಟಿ ಆಹಾರ ಬೇಡವೆನ್ನುವುದು ಹೆಚ್ಚಿದ್ದವು. ಮೈ ಒಂದಿಷ್ಟು ಬೆಚ್ಚಗಾಗುವುದೂ ಕಂಡಿತು. ಆದರೆ ಜೋರು ಜ್ವರ, ಬೇಧಿ, ವಾಂತಿ, ಕೆಮ್ಮು ಇವಕ್ಕೂ ಹಲ್ಲಿಗೂ ನಂಟು ಕಾಣಲಿಲ್ಲ. ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಹೆಚ್ಚಿದ ಲಕ್ಷಣಗಳಲ್ಲಿ ಯಾವೊಂದೂ ಮೂರರಲ್ಲಿ ಒಂದು ಪಾಲು ಮಕ್ಕಳನ್ನು ಬಹಳ ಮೀರಿ ಕಾಣಿಸಿಕೊಳ್ಳಲಿಲ್ಲ. ಅಂದರೆ ಲಕ್ಷಣ ನೋಡಿ "ಇದು ಹಲ್ಲೇ" ಎಂದು ಹೇಳುವುದು ವೈದ್ಯರಿಗೂ ಸಾಧ್ಯವಿಲ್ಲ. ಅದೇ ವರ್ಷ ಮೆಲ್ಬರ್ನ್‌ನಲ್ಲಿ ಶಿಶುವಿಹಾರದ ಮಕ್ಕಳನ್ನು ಗಮನಿಸಿದವರಿಗೆ ಇಷ್ಟು ನಂಟೂ ಕಾಣಲಿಲ್ಲ. 2016ರಲ್ಲಿ ಬ್ರೆಜಿಲ್‌ನ ಸಂಶೋಧಕರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗಲೂ ಸಿಕ್ಕಿದ್ದು ವಸಡಿನ ಉರಿ, ಕಿರಿಕಿರಿ, ಜೊಲ್ಲು ಇಷ್ಟೇ. ಉಷ್ಣಾಂಶ ತುಸು ಏರಬಹುದು, ಅದು ಜ್ವರದ ಮಟ್ಟ ಮುಟ್ಟುವುದಿಲ್ಲ.

ಹಾಗಾದರೆ ಇಷ್ಟು ಜನ ಅಜ್ಜಿಯರು ಕಣ್ಣಾರೆ ಕಂಡದ್ದು ಸುಳ್ಳೇ? ಕಂಡದ್ದು ನಿಜ, ಕಾರಣ ಬೇರೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಮಗುವಿಗೆ ಬಂದ ರೋಗನಿರೋಧಕ ಶಕ್ತಿ ಸರಿಸುಮಾರು ಆರನೇ ತಿಂಗಳಿಗೆ ಕರಗುತ್ತದೆ. ಅದೇ ತಿಂಗಳಲ್ಲಿ ಮಗುವಿಗೆ ಮಣ್ಣಿ, ಅನ್ನದ ಗಂಜಿ ಶುರುವಾಗುತ್ತದೆ. ಜೊತೆಗೆ ಪಾತ್ರೆ, ನೀರು, ನೊಣ ಎಲ್ಲವೂ ಬರುತ್ತವೆ. ಅದೇ ಹೊತ್ತಿಗೆ ಮಗು ಮಗುಚಿ, ಅಂಬೆಗಾಲಿಟ್ಟು, ಜಗಲಿಯಿಂದ ಅಂಗಳದವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ವಸಡು ಕಡಿಯುವುದರಿಂದ ಇನ್ನಷ್ಟು ಇಡುತ್ತದೆ ಎನ್ನಬಹುದು. ಹೀಗೆ ಜ್ವರ ಬರಲು ಹತ್ತು ಕಾರಣ ಒಟ್ಟಿಗೆ ಸೇರುವ ತಿಂಗಳಲ್ಲೇ ಹಲ್ಲೂ ಬರುತ್ತದೆ. ವೈರಾಣು ಕಣ್ಣಿಗೆ ಕಾಣುವುದಿಲ್ಲ, ಹಲ್ಲು ಕಾಣುತ್ತದೆ. ಆಪಾದನೆ ಕಣ್ಣಿಗೆ ಬಿದ್ದದ್ದರ ಮೇಲೆ.

ಈ ತಪ್ಪನ್ನು ನಮ್ಮ ಅಜ್ಜಿಯರಿಗಿಂತ ಬಹಳ ಬಲವಾಗಿ ಮಾಡಿದವರು ಯುರೋಪಿನ ವೈದ್ಯರು. ಹದಿನಾರನೇ ಶತಮಾನದ ಫ್ರಾನ್ಸಿನ ಹೆಸರಾಂತ ಶಸ್ತ್ರವೈದ್ಯ ಆಂಬ್ರೋಸ್ ಪಾರೆ, ಸತ್ತುಹೋದ ಎಂಟು ತಿಂಗಳ ಮಗುವೊಂದರ ವಸಡನ್ನು ಕತ್ತರಿಸಿ ನೋಡಿದ. ಒಳಗೆ ಹೊರಬರಲು ಸಿದ್ಧವಾದ ಹಲ್ಲುಗಳಿದ್ದವು. ವಸಡು ಗಟ್ಟಿಯಾಗಿ ದಾರಿ ಬಿಡದ್ದರಿಂದಲೇ ಮಗು ಸತ್ತಿತು, ಮೊದಲೇ ಕೊಯ್ದಿದ್ದರೆ ಬದುಕುತ್ತಿತ್ತು ಎಂದು ತೀರ್ಮಾನಿಸಿದ. ಎಂಟು ತಿಂಗಳ ಯಾವ ಮಗುವಿನ ವಸಡು ಕೊಯ್ದರೂ ಒಳಗೆ ಹಲ್ಲು ಸಿಕ್ಕೇ ಸಿಗುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅಲ್ಲಿಂದ ಮುಂದೆ ಸುಮಾರು ಮುನ್ನೂರು ವರ್ಷ ಯುರೋಪಿನಲ್ಲಿ ಮಕ್ಕಳ ವಸಡಿಗೆ ಕತ್ತಿ ಬಿತ್ತು, ಅರಿವಳಿಕೆಯಿಲ್ಲದೆ. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮರಣ ದಾಖಲೆಗಳಲ್ಲಿ 5,016 ಸಾವುಗಳಿಗೆ "ಹಲ್ಲು ಬಂದದ್ದು" ಕಾರಣವೆಂದು ಬರೆಯಲಾಗಿದೆ. ಆ ಮಕ್ಕಳು ನಿಜಕ್ಕೂ ಯಾವುದರಿಂದ ಸತ್ತರು ಎಂದು ಇವತ್ತು ಊಹಿಸುವುದು ಕಷ್ಟವಲ್ಲ. ಬೇಧಿ, ನ್ಯುಮೋನಿಯಾ, ಮಿದುಳು ಜ್ವರ. ಅವಕ್ಕೆಲ್ಲ ಹಲ್ಲು ಎಂಬ ಒಂದೇ ಮುಸುಕು ಹಾಕಲಾಗಿತ್ತು.

ಕತ್ತಿಯ ಜೊತೆಗೆ ಪುಡಿಯೂ ಬಂತು. ಹಲ್ಲು ಬರುವ ಮಕ್ಕಳಿಗೆಂದು ಇಂಗ್ಲೆಂಡಿನಲ್ಲಿ ಅಂಗಡಿಯಲ್ಲೇ ಸಿಗುತ್ತಿದ್ದ ಪುಡಿಗಳಲ್ಲಿ ಕ್ಯಾಲೊಮೆಲ್, ಅಂದರೆ ಪಾದರಸದ ಲವಣ ಇತ್ತು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಮಕ್ಕಳಿಗೆ ಒಂದು ವಿಚಿತ್ರ ಕಾಯಿಲೆ ಬರುತ್ತಿತ್ತು. ಅಂಗೈ, ಅಂಗಾಲು ಕೆಂಪಗಾಗಿ ಸಿಪ್ಪೆ ಏಳುವುದು, ತಡೆಯಲಾಗದ ಸಂಕಟ, ಬೆಳಕು ಕಂಡರಾಗದು, ಜೊಲ್ಲು ಸುರಿದು ಹಲ್ಲೇ ಉದುರುವುದು. 1940ರ ದಶಕದಲ್ಲಿ ಅಮೆರಿಕದ ವೈದ್ಯ ಜೋಸೆಫ್ ವಾರ್ಕನಿ ಮತ್ತು ಅವರ ಸಹೋದ್ಯೋಗಿ ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಕಂಡುಹಿಡಿದರು. 1954ರಲ್ಲಿ ಬ್ರಿಟನ್ನಿನ ತಯಾರಕರು ಪುಡಿಯಿಂದ ಪಾದರಸವನ್ನು ತೆಗೆದರು. ಕೆಲವೇ ವರ್ಷಗಳಲ್ಲಿ ಆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಕಾಯಿಲೆಯೇ ಅಲ್ಲದ ಒಂದಕ್ಕೆ ಕೊಟ್ಟ ಮದ್ದು ತಾನೇ ಒಂದು ಕಾಯಿಲೆಯಾಗಿ ಸಾವಿರಾರು ಮಕ್ಕಳನ್ನು ಕಾಡಿದ ಕಥೆ ಇದು. ಅದೂ ಓದಿದವರ ದೇಶದಲ್ಲಿ, ಮುದ್ರೆಯೊತ್ತಿದ ಪೊಟ್ಟಣದಲ್ಲಿ.

ಈಗ ನಮ್ಮ ಊರಿನ ಮೆಡಿಕಲ್ ಅಂಗಡಿಗೆ ಬರೋಣ. "ಹಲ್ಲು ಬರ್ತಿದೆ, ಮಗು ಅಳ್ತದೆ, ಏನಾದ್ರೂ ಕೊಡಿ" ಎಂದರೆ ಮೂರು ಸಾಮಾನು ಕೈಗೆ ಬರುವುದುಂಟು. ಒಂದು, ವಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್. ಎಷ್ಟೋ ಸಲ ಅದು ದೊಡ್ಡವರ ಬಾಯಿಹುಣ್ಣಿನ ಜೆಲ್ಲೇ ಆಗಿರುತ್ತದೆ. ಹಚ್ಚಿದ ಕೆಲವೇ ನಿಮಿಷದಲ್ಲಿ ಜೊಲ್ಲಿನ ಜೊತೆ ಅದು ಹೊಟ್ಟೆಗೆ ಹೋಗುತ್ತದೆ, ಗಂಟಲನ್ನೂ ಮರಗಟ್ಟಿಸುತ್ತದೆ. ಲಿಡೊಕೇನ್ ಇರುವ ದ್ರಾವಣವನ್ನು ಹಲ್ಲಿನ ನೋವಿಗೆಂದು ಮಕ್ಕಳಿಗೆ ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಅತ್ಯಂತ ಕಟುವಾದ ಎಚ್ಚರಿಕೆ ಹಾಕಿಸಿತು. ಬೆಂಜೊಕೇನ್ ಇರುವುದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಲೇಬಾರದು ಎಂದು 2018ರಲ್ಲಿ ಹೇಳಿತು. ಕೆಲವು ಮಕ್ಕಳಲ್ಲಿ ಅದು ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಬಹಳ ಕುಗ್ಗಿಸುತ್ತದೆ, ತುಟಿ ನೀಲಿಗಟ್ಟುತ್ತದೆ. ಬಾಯಿಹುಣ್ಣಿನ ಕೆಲವು ಜೆಲ್‌ಗಳಲ್ಲಿರುವ ಕೋಲಿನ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ಸಂಬಂಧಿ. ಹದಿನಾರು ವರ್ಷದೊಳಗಿನವರಿಗೆ ಅದು ಬೇಡ ಎಂದು ಬ್ರಿಟನ್ 2009ರಲ್ಲೇ ತೀರ್ಮಾನಿಸಿದೆ.

ಎರಡನೆಯದು, ಬಿಳಿ ಸಿಹಿ ಮಾತ್ರೆ. ನಿರುಪದ್ರವಿ ಎಂದು ನಂಬಿ ಕೊಡುವ ಇಂಥ ಹೋಮಿಯೋಪಥಿ ಮಾತ್ರೆಗಳಲ್ಲಿ ಕೆಲವನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಬೆಲ್ಲಡೊನ್ನ ಎಂಬ ವಿಷಸಸ್ಯದ ಅಂಶ ಒಂದೊಂದು ಮಾತ್ರೆಯಲ್ಲಿ ಒಂದೊಂದು ಪ್ರಮಾಣದಲ್ಲಿತ್ತು, ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಬಹಳ ಹೆಚ್ಚೂ ಇತ್ತು ಎಂದು 2017ರಲ್ಲಿ ಪ್ರಕಟವಾಯಿತು. ಮೂರನೆಯದು ಪ್ಯಾರಾಸಿಟಮಾಲ್. ಇದರ ಬಗ್ಗೆ ನನಗೆ ತಕರಾರಿಲ್ಲ. ನೋವು ಹೆಚ್ಚಾದ ರಾತ್ರಿಯಲ್ಲಿ ತೂಕಕ್ಕೆ ತಕ್ಕಂತೆ ಕೊಟ್ಟರೆ ಒಳ್ಳೆಯ ಮದ್ದೇ. ತೊಡಕಿರುವುದು ಬಾಟಲಿಯಲ್ಲಿ. ಎಂಟು ಕೆಜಿಯ ಮಗುವಿಗೆ ಒಂದು ಸಲಕ್ಕೆ 80ರಿಂದ 120 ಮಿಲಿಗ್ರಾಂ ಸಾಕು. ಡ್ರಾಪ್ಸ್ ಎಂದು ಬರುವುದರಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿ.ಲೀ.ಗೆ 120 ಅಥವಾ 125, ಇನ್ನೊಂದು ಬಗೆಯದರಲ್ಲಿ ಐದಕ್ಕೆ 250. ಹೆಸರು ಒಂದೇ, ಡಬ್ಬಿಯ ಬಣ್ಣವೂ ಹೆಚ್ಚುಕಡಿಮೆ ಒಂದೇ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಮದ್ದು ಹೋಗುತ್ತದೆ, ಯಕೃತ್ತು ಅದನ್ನು ತಾಳುವುದಿಲ್ಲ. ಕರೆಂಟು ಹೋದ ಮಳೆಗಾಲದ ರಾತ್ರಿ, ಮೊಬೈಲ್ ಬೆಳಕಿನಲ್ಲಿ ಆ ಸಣ್ಣ ಅಕ್ಷರ ಓದಬೇಕಾದವರ ಬಗ್ಗೆ ಔಷಧ ಕಂಪನಿಗಳು ಯೋಚಿಸಿದಂತೆ ಕಾಣುವುದಿಲ್ಲ.

ಇನ್ನು ಆ ನಂಬಿಕೆ ಮಾಡಿಕೊಡುವ ಕೆಲಸದ ವಿಷಯ. ಇದಕ್ಕೆ ಶರಾವತಿ ಹಿನ್ನೀರಿನ ದಡದಲ್ಲಿರುವ ಹೊನ್ನೆಮರಡಿನ ಸುತ್ತಲ ನೆಲವನ್ನೇ ನೋಡಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಿಸಿತು. ಉಳಿದವನ್ನು ಒಂದರಿಂದ ಒಂದು ದೂರ ಮಾಡಿತು. ನಡೆದು ಹೋಗುತ್ತಿದ್ದ ಊರಿಗೆ ಗಂಟೆಗಟ್ಟಲೆ ಬಳಸಿ ಹೋಗಬೇಕಾಯಿತು. ಹೊನ್ನೆಮರಡಿಗೆ ತಾಳಗುಪ್ಪದ ಕಡೆಯಿಂದ ರಸ್ತೆಯಾದರೂ ಇದೆ, ಸಾಗರ ಸುಮಾರು 25 ಕಿ.ಮೀ. ಆಚೆ ದಡದ ತುಮರಿ, ಕರೂರು ಹೋಬಳಿಯವರಿಗೆ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಕೊನೆಯ ಲಾಂಚ್ ಹೋದ ಮೇಲೆ ಮಗುವಿನ ಮೈ ಸುಟ್ಟರೆ ಆ ಮನೆಯವರು ಏನು ಮಾಡಬೇಕಿತ್ತು? ಬೆಳಗಾಗುವವರೆಗೆ ಕಾಯಲೇಬೇಕು. ಕಾಯುವುದಕ್ಕೆ ಮನಸ್ಸಿಗೆ ಒಂದು ಆಧಾರ ಬೇಕು. "ಇದು ಹಲ್ಲಿನ ಜ್ವರ" ಎನ್ನುವುದು ಆ ಆಧಾರ. ಅದು ರೋಗನಿರ್ಣಯ ಅಲ್ಲ, ಬೇರೆ ದಾರಿಯಿಲ್ಲದವರು ತಮಗೆ ತಾವೇ ಕೊಟ್ಟುಕೊಂಡ ಅನುಮತಿ. ಬಹಳಷ್ಟು ಸಲ ಮಗು ಒಂದೆರಡು ದಿನದಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತಿದ್ದುದರಿಂದ ಮಾತು ನಿಜವಾದಂತೆಯೂ ಕಾಣುತ್ತಿತ್ತು. ಹಾಗಾಗದ ಸಲದ ದುಃಖವನ್ನು ಹಣೆಬರಹಕ್ಕೆ ಬಿಡುತ್ತಿದ್ದರು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿ.ಮೀ.ಗೂ ಹೆಚ್ಚು ಉದ್ದದ ಸಿಗಂದೂರು ಸೇತುವೆ ತೆರೆಯಿತು. ಆರು ದಶಕದ ಮೇಲೆ ಆ ದಡದ ಮಗುವಿಗೆ ರಾತ್ರಿಯಲ್ಲೂ ಸಾಗರದ ಆಸ್ಪತ್ರೆಯ ದಾರಿ ಸಿಕ್ಕಿತು. ಆದರೆ ದಾರಿ ಬಂದಷ್ಟು ಬೇಗ ಮಾತು ಬದಲಾಗುವುದಿಲ್ಲ. ಲಾಂಚಿನ ಕಾಲಕ್ಕೆ ಹುಟ್ಟಿದ ಸಮಾಧಾನ ಸೇತುವೆಯ ಕಾಲದಲ್ಲೂ ಹಾಗೇ ನಡೆಯುತ್ತಿದ್ದರೆ, ಅದಕ್ಕೆ ಮೊದಲಿದ್ದ ಸಮರ್ಥನೆ ಈಗ ಇಲ್ಲ.

ಅದರಲ್ಲೂ ನಮ್ಮ ಸೀಮೆಯ ಜ್ವರಗಳು ಸಾಧುವಲ್ಲ. ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ, 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರ ಜೀವ ತೆಗೆಯಿತು. ಅದು ಮುಖ್ಯವಾಗಿ ಕಾಡಿಗೆ ಹೋಗುವ ದೊಡ್ಡವರ ಕಾಯಿಲೆ, ಅಂಬೆಗಾಲಿಡುವ ಮಗುವಿಗೆ ಬರುವುದು ಅಪರೂಪ. ಆದರೂ ಸೊಪ್ಪಿನ ಬೆಟ್ಟದಿಂದ ಹೊರೆ ತಂದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುವ ಮನೆಗಳಲ್ಲಿ, ಮನೆಯವರಿಗೆ ಈ ಕಾಯಿಲೆ ಹರಡುವ ಉಣುಗು ಕಚ್ಚಿರುವ ದಿನಗಳಲ್ಲಿ, ಮಗುವಿನ ಜ್ವರವನ್ನು ವಿಚಾರಿಸದೆ ಹಲ್ಲಿಗೆ ಹಚ್ಚುವುದು ಅಪಾಯ. ಡೆಂಗಿ ಈಗ ಮಲೆನಾಡಿಗೂ ಹೊಸದಲ್ಲ. ನನ್ನ ದೊಡ್ಡ ಭಯ ಇವೆರಡೂ ಅಲ್ಲ, ಬೇಧಿ. ಮಳೆಗಾಲದಲ್ಲಿ ಬಾವಿಗೆ ಮೇಲಿನ ನೀರು ಇಳಿಯುತ್ತದೆ, ಅಬ್ಬಿ ನೀರಿನ ಪೈಪಿನಲ್ಲಿ ಕೆಂಪು ಬರುತ್ತದೆ. ಕಾಯಿಸದ ನೀರಿನಲ್ಲಿ ಮಣ್ಣಿ ಕಲಸಿದ ಪಾತ್ರೆ ತೊಳೆದರೂ ಸಾಕು. ಏಳೆಂಟು ಕೆಜಿಯ ಮಗು ಒಂದು ದಿನದ ಬೇಧಿಗೇ ಒಣಗಿಹೋಗಬಲ್ಲದು. ಕಣ್ಣು ಗುಳಿ ಬೀಳುತ್ತದೆ, ಉಚ್ಚೆ ನಿಲ್ಲುತ್ತದೆ, ಅಳುವುದಕ್ಕೂ ಶಕ್ತಿ ಇರುವುದಿಲ್ಲ. ಅತ್ತು ಅತ್ತು ಸುಮ್ಮನಾಯಿತು ಎಂದು ಮನೆಯವರು ನಿಟ್ಟುಸಿರುಬಿಡುವುದೂ ಆ ಹೊತ್ತಿಗೇ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ ಚಮಚದಲ್ಲಿ ಕುಡಿಸುತ್ತ, ಎದೆಹಾಲು ಬಿಡಿಸದೆ, ಆರು ತಿಂಗಳು ದಾಟಿದ ಮಗುವಿಗೆ ಹದಿನಾಲ್ಕು ದಿನ 20 ಮಿಲಿಗ್ರಾಂ ಜಿಂಕ್ ಕೊಟ್ಟರೆ ಬಹುಪಾಲು ಮಕ್ಕಳು ಉಳಿಯುತ್ತವೆ. "ಹಲ್ಲಿನ ಬೇಧಿ, ನಿಲ್ಲಿಸಬಾರದು, ಹೊಟ್ಟೆ ತೊಳೆದುಹೋಗಲಿ" ಎಂಬ ಮಾತು ಕಸಿದುಕೊಳ್ಳುವುದು ಈ ಸಣ್ಣ ಚಿಕಿತ್ಸೆಯನ್ನು.

ಇದಕ್ಕೊಂದು ಎದುರುವಾದ ಇದೆ, ಹಗುರಾಗಿ ತೆಗೆದುಕೊಳ್ಳುವಂಥದ್ದಲ್ಲ. ಮೈ ಬೆಚ್ಚಗಾದಾಗಲೆಲ್ಲ ಮಗುವನ್ನು ಹೊತ್ತುಕೊಂಡು ಪೇಟೆಗೆ ಓಡಿದರೆ ಸಿಗುವುದೇನು? ಅರ್ಧ ದಿನ ಸಾಲಿನಲ್ಲಿ ಕೂತು, ಬೇರೆ ಮಕ್ಕಳ ಕೆಮ್ಮು ಅಂಟಿಸಿಕೊಂಡು, ಬೇಡದ ಆಂಟಿಬಯಾಟಿಕ್ ಬಾಟಲಿ ಹಿಡಿದು ಮನೆಗೆ. ಅಜ್ಜಿಯ "ಬಿಡು, ಹಲ್ಲು" ಎಂಬ ಮಾತು ಎಷ್ಟೋ ಮಕ್ಕಳನ್ನು ಇದರಿಂದ ಕಾಪಾಡಿದೆ ಎಂದು ಹೇಳುವವರಿದ್ದಾರೆ. ಒಪ್ಪುತ್ತೇನೆ. ಕಾಯುವುದು ತಪ್ಪಲ್ಲ. ಏನನ್ನು ನೋಡುತ್ತ ಕಾಯಬೇಕು ಎಂಬುದಷ್ಟೇ ಪ್ರಶ್ನೆ. ಹಲ್ಲನ್ನು ನೋಡುತ್ತ ಕೂತರೆ ಏನೂ ತಿಳಿಯದು, ಮಗುವನ್ನು ನೋಡಬೇಕು. ಉಷ್ಣಾಂಶ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ಜ್ವರ, ಹಲ್ಲಲ್ಲ. ಹಾಗೆಂದ ಮಾತ್ರಕ್ಕೆ ಆ ಕ್ಷಣವೇ ಓಡಬೇಕೆಂದಿಲ್ಲ. ಮಗು ಹಾಲು ಕುಡಿಯುತ್ತ, ನಡುನಡುವೆ ನಗುತ್ತಿದ್ದರೆ ಒಂದು ದಿನ ನೋಡಬಹುದು. ಎದೆಗಿಟ್ಟರೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ಎದೆಗೂಡು ಒಳಕ್ಕೆ ಸೆಳೆದರೆ ಅಥವಾ ನಿಮಿಷಕ್ಕೆ 50 ಸಲಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ ಮಾತ್ರ ಬೆಳಗಾಗಲಿ ಎನ್ನಬಾರದು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರಂತೂ ಕಾಯುವ ಮಾತೇ ಇಲ್ಲ. ಇದು "ಬಿಡು, ಹಲ್ಲು" ಎಂಬ ಅಜ್ಜಿಯ ಜರಡಿಗಿಂತ ಹೆಚ್ಚು ಕಷ್ಟದ್ದೇನಲ್ಲ.

ಹಾಗೆ ನೋಡಿದರೆ, ಹಲ್ಲಿನ ನೋವಿಗೆ ನಿಜವಾಗಿ ನಾಟುವ ಉಪಾಯಗಳನ್ನು ತಿಳಿದಿರುವವರೂ ಅಜ್ಜಿಯರೇ. ಕೈ ತೊಳೆದುಕೊಂಡು ಬೆರಳಿನಿಂದ ವಸಡನ್ನು ಮೆಲ್ಲಗೆ ಒತ್ತಿ ಉಜ್ಜುವುದು, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಹತ್ತಿಬಟ್ಟೆಯ ಗಂಟನ್ನು ಕಚ್ಚಲು ಕೊಡುವುದು, ಜೊಲ್ಲು ಸುರಿದು ಗದ್ದ ಕೆಂಪಗಾದರೆ ಕೊಬ್ಬರಿ ಎಣ್ಣೆ ಸವರುವುದು, ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡುವುದು. ಇಂದಿನ ಮಕ್ಕಳ ವೈದ್ಯರು ಹೇಳುವುದೂ ಬಹುಮಟ್ಟಿಗೆ ಇಷ್ಟನ್ನೇ. ಬಟ್ಟೆ ಅದ್ದುವ ನೀರು ಕಾಯಿಸಿ ಆರಿಸಿದ್ದಿರಲಿ ಎಂಬುದಷ್ಟೇ ಸೇರ್ಪಡೆ. ಫ್ರಿಜ್ಜಿನಲ್ಲಿಟ್ಟು ತಣಿಸಿದ ಚಮಚ, ಗಟ್ಟಿ ರಬ್ಬರಿನ ಬಳೆ ಆಗಬಹುದು. ಮಂಜುಗಟ್ಟಿದ್ದು ಬೇಡ, ಒಳಗೆ ನೀರು ತುಂಬಿದ್ದೂ ಬೇಡ. ಚನ್ನಪಟ್ಟಣದ ಹಾಲೆ ಮರದ, ಅರಗಿನ ಬಣ್ಣದ ಗಿಲಿಕೆ ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು, ಬಾಯಿಯೊಳಗೆ ಪೂರ್ತಿ ಹೋಗದಷ್ಟು ದೊಡ್ಡದಿದ್ದರೆ.

ಅಜ್ಜಿಯ ಪೆಟ್ಟಿಗೆಯಲ್ಲಿ ಬಿಡಬೇಕಾದವೂ ಇವೆ, ಅವನ್ನೂ ಹೇಳಲೇಬೇಕು. ಬಜೆ ತೇಯ್ದು ನೆಕ್ಕಿಸುವುದು ನಮ್ಮಲ್ಲಿ ಬಾಣಂತನದಷ್ಟೇ ಹಳೆಯದು. ನಮ್ಮ ದೇಶದ ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಹೆಚ್ಚು. ಪ್ರಾಣಿಗಳಲ್ಲಿ ಗೆಡ್ಡೆ ಹುಟ್ಟಿಸಿದ್ದರಿಂದ ಅಮೆರಿಕದಲ್ಲಿ ಬಜೆಯನ್ನು ಆಹಾರಕ್ಕೆ ಸೇರಿಸುವುದು 1968ರಿಂದಲೇ ನಿಷಿದ್ಧ. ಜಾಯಿಕಾಯಿ ತೇಯ್ದು ಕೊಟ್ಟರೆ ಮಗು ಚೆನ್ನಾಗಿ ಮಲಗುತ್ತದೆ ಎನ್ನುತ್ತಾರೆ. ಮಲಗುವುದು ನೋವು ಹೋದದ್ದರಿಂದಲ್ಲ, ಅಮಲಿನಿಂದ. ಕಾಡುಜೇನು ನಮ್ಮ ಹೆಮ್ಮೆ, ಆದರೆ ವರ್ಷ ತುಂಬುವವರೆಗೆ ಮಗುವಿನ ನಾಲಿಗೆಗೆ ಅದು ಸೋಕಬಾರದು. ಜೇನಿನಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಹಸುಗೂಸಿನ ಕರುಳು ತಡೆಯಲಾರದು. ಕುತ್ತಿಗೆಗೆ ಕಟ್ಟಿದ ಬಜೆ ತುಂಡಿನ ದಾರ, ತಾಯತ, ಹವಳದ ಸರ ಮಲಗಿದಾಗ ಉರುಳಾಗಬಲ್ಲವು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎನ್ನುವುದನ್ನು ಮಾತ್ರ ನಾನು ತೀರಾ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆ ನೆಪದಲ್ಲಾದರೂ ಮಾವ ಬಂದು ಒಂದು ರಾತ್ರಿ ಮಗುವನ್ನು ಎತ್ತಿಕೊಂಡು ತಿರುಗಿದರೆ ಒಳ್ಳೆಯದೇ.

ಇನ್ನೊಂದು ಅಪಾಯ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅದು ಅಡಿಕೆ ಮನೆಗಳದ್ದು. ಕೊಯ್ಲಿನ ಕಾಲದಲ್ಲಿ ಜಗಲಿಯಿಂದ ಅಂಗಳದವರೆಗೆ ಅಡಿಕೆ ಹರಡಿರುತ್ತದೆ, ಕಚ್ಚಲು ಹಪಹಪಿಸುವ ಮಗು ನೇರ ಅಲ್ಲಿಗೇ ಹೋಗುತ್ತದೆ. ಒಂದು ಗೋಟಡಿಕೆ ಉಸಿರುನಾಳಕ್ಕೆ ಸಿಕ್ಕಿಕೊಳ್ಳಲು ಅರೆಗಳಿಗೆ ಸಾಕು. ಎಲೆಯಡಿಕೆ ತಟ್ಟೆ ನೆಲದ ಮೇಲೇ ಇರುತ್ತದೆ, ಅದರಲ್ಲಿ ಸುಣ್ಣದ ಡಬ್ಬಿ, ತಂಬಾಕಿನ ಚೂರು. ಸುಣ್ಣ ನಾಲಿಗೆಯನ್ನೂ ಕಣ್ಣನ್ನೂ ಸುಡುತ್ತದೆ. ಹಸಿ ಕ್ಯಾರೆಟ್ ತುಂಡು, ಕೊಬ್ಬರಿ ಚೂರು ಕಚ್ಚಲು ಕೊಡುವವರೂ ಇದನ್ನೇ ನೆನಪಿಡಬೇಕು. ಎರಡು ಬಾಚಿಹಲ್ಲಿಗೆ ಕಡಿಯಲು ಬರುತ್ತದೆ, ಅಗಿಯಲು ಬರುವುದಿಲ್ಲ.

ಮೇಲಿನ ಉಪಾಯಗಳಲ್ಲಿ ಸಮಾನವಾದದ್ದೊಂದಿದೆ. ಅವಕ್ಕೆಲ್ಲ ಕೈ ಬೇಕು, ಹೊತ್ತು ಬೇಕು. ಜೆಲ್ ಮಾರಾಟವಾಗುವುದು ಕೈ ಕಡಿಮೆಯಾದಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಲ್ಲಿ ಈಗ ಇಬ್ಬರು ವಯಸ್ಸಾದವರು ಮಾತ್ರ. ಮೊಮ್ಮಗು ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿದೆ, ಅಜ್ಜಿಯ ಸಲಹೆ ವಿಡಿಯೊ ಕಾಲ್‌ನಲ್ಲಿ ಹೋಗುತ್ತದೆ. ಸಲಹೆ ಹೋಗುತ್ತದೆ, ಹೆಗಲು ಹೋಗುವುದಿಲ್ಲ. 2017ರ ತಿದ್ದುಪಡಿಯ ನಂತರ ಕೆಲಸದಲ್ಲಿರುವ ತಾಯಿಗೆ 26 ವಾರ ಹೆರಿಗೆ ರಜೆ. ಹೆರಿಗೆಗೆ ಮೊದಲೇ ಒಂದಿಷ್ಟು ವಾರ ತೆಗೆದುಕೊಂಡಿದ್ದರೆ ಮಗುವಿಗೆ ಐದು ತಿಂಗಳಾಗುವಷ್ಟರಲ್ಲಿ ಅದು ಮುಗಿಯುತ್ತದೆ. ಅಂದರೆ ಮೊದಲ ಹಲ್ಲಿನ ರಾತ್ರಿಗಳು ಶುರುವಾಗುವ ಹೊತ್ತಿಗೆ ತಾಯಿ ಬೆಳಗ್ಗೆ ಎದ್ದು ಕಚೇರಿಗೆ ಹೊರಟಿರುತ್ತಾಳೆ. ಅಪ್ಪ ಸರ್ಕಾರಿ ನೌಕರನಾದರೆ 15 ದಿನ ರಜೆ, ಅದೂ ಹೆರಿಗೆಯ ಆಸುಪಾಸಿನಲ್ಲೇ ಮುಗಿದಿರುತ್ತದೆ. ಖಾಸಗಿ ಕಂಪನಿಯಾದರೆ ಅಷ್ಟೂ ಕಾನೂನಿನಲ್ಲಿಲ್ಲ. ಅಡಿಕೆ ಸುಲಿಯಲು ಹೋಗುವ ಹೆಂಗಸಿಗೆ ಇದಾವುದೂ ಇಲ್ಲ, ಮಗು ಚಪ್ಪರದ ಮೂಲೆಯಲ್ಲಿ ಗೋಣಿಯ ಮೇಲೆ. ಹೀಗಿರುವಾಗ ಜೆಲ್ ಹಚ್ಚಬೇಡಿ ಎಂದು ತಾಯಿಯೊಬ್ಬಳಿಗೇ ಬೋಧಿಸುವುದು ಸುಲಭ. ಆ ರಾತ್ರಿ ಅರ್ಧ ಪಾಳಿ ಅಪ್ಪನದ್ದು ಎಂದು ಯಾರೂ ಬರೆಯುವುದಿಲ್ಲ.

ಹಾಗಾದರೆ ಈ ತಿಳಿವಳಿಕೆ ಮನೆಮನೆಗೆ ಮುಟ್ಟುವುದು ಹೇಗೆ? ತೀರ್ಥಹಳ್ಳಿಯಲ್ಲಿ ಹುಟ್ಟಿದ ವೈದ್ಯೆ, ಲೇಖಕಿ ಡಾ. ಅನುಪಮಾ ನಿರಂಜನ 'ತಾಯಿ–ಮಗು'ವಿನಂಥ ಪುಸ್ತಕದ ಮೂಲಕ ಒಂದು ತಲೆಮಾರಿನ ಓದುವ ಹೆಣ್ಣುಮಕ್ಕಳನ್ನು ನೇರವಾಗಿ ಮುಟ್ಟಿದರು. ಓದದ ಮನೆಯ ಜಗಲಿಗೂ ಹೋಗುವ ದಾರಿ ಈಗ ಸರ್ಕಾರದ ಬಳಿ ಇದೆ. 2018ರಲ್ಲಿ ಶುರುವಾದ ಎಳೆಮಕ್ಕಳ ಮನೆಭೇಟಿ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆ ಮಗುವಿನ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಬರಬೇಕು. ಹಲ್ಲು ಬರುವ ಕಾಲಕ್ಕೆ ಹೇಳಿ ಮಾಡಿಸಿದ ವೇಳಾಪಟ್ಟಿ ಇದು. ಆ ಭೇಟಿಯಲ್ಲಿ ತೂಕ ಬರೆದುಕೊಂಡು ತಾಯಿ ಕಾರ್ಡ್‌ಗೆ ಸಹಿ ಹಾಕುವುದರ ಜೊತೆಗೆ ಐದು ನಿಮಿಷ ಹಲ್ಲಿನ ಮಾತಾಡಬೇಕು. ಆ ಮಾತನ್ನು ಸೊಸೆಯನ್ನು ಬದಿಗೆ ಕರೆದು ಆಡಿ ಪ್ರಯೋಜನವಿಲ್ಲ. ಆಸ್ಪತ್ರೆಗೆ ಹೊರಡುವುದೋ ಬೇಡವೋ ಎಂದು ತೀರ್ಮಾನಿಸುವವರು ಅತ್ತೆ. ಅವರ ಎದುರಿಗೇ ಕೂತು, ಬೆರಳಿನಿಂದ ವಸಡು ಮುಟ್ಟಿ ನೋಡಲು ಅವರನ್ನೇ ಕೇಳಿ, ಹಲ್ಲು ಬರುತ್ತಿದೆ ಎಂಬ ಅವರ ಮಾತನ್ನು ಒಪ್ಪಿ, ಆಮೇಲೆ ಥರ್ಮಾಮೀಟರನ್ನು ಅವರ ಕೈಗೇ ಕೊಟ್ಟು ಓದಿಸಬೇಕು. ಮುಂದಿನ ಸಲ ಮಗುವಿನ ಮೈ ಸುಟ್ಟಾಗ ಸಾಗರಕ್ಕೆ ಜೀಪು ಹೇಳಬೇಕೇ ಎಂದು ಆ ಅಂಕಿಯನ್ನೂ ಮಗುವಿನ ಮುಖವನ್ನೂ ನೋಡಿ ನಿರ್ಧರಿಸುವವರು ಅವರೇ ಆಗಿರುತ್ತಾರೆ.